ಅಂಗವಿಕಲ ವೇತನದ ನಿಯಮ ಬಿಗಿಯಾದರೆ? ಮಾಸಾಶನ ಕೈತಪ್ಪದಂತೆ ಮಾಡಿಕೊಳ್ಳಬೇಕಾದ ಸಿದ್ಧತೆ

"ಎಲ್ಲರನ್ನೂ ಮತ್ತೆ ಮೆಡಿಕಲ್ ಬೋರ್ಡ್‌ಗೆ ಕರೀತಾರಂತೆ." "ಹಳೇ ಸರ್ಟಿಫಿಕೇಟು ನಡೆಯಲ್ವಂತೆ." "ಪರ್ಸೆಂಟೇಜ್ ಕಮ್ಮಿ ಮಾಡ್ತಾರಂತೆ." ಅಂಗವಿಕಲ ವೇತನವನ್ನೇ ನೆಚ್ಚಿಕೊಂಡ ಮನೆಗಳಲ್ಲಿ ಇಂಥ ಮಾತು ಒಮ್ಮೆ ಹೊಕ್ಕರೆ ನಿದ್ದೆ ಹತ್ತುವುದಿಲ್ಲ. ತಿಂಗಳಿಗೆ ಬರುವ ಎಂಟುನೂರೋ ಸಾವಿರದ ನಾನೂರೋ ರೂಪಾಯಿ ಮಾತ್ರೆಗೆ, ಆಟೋ ಬಾಡಿಗೆಗೆ, ಮನೆಯಲ್ಲಿ ಒಂದು ಮಾತು ಆಡುವಷ್ಟು ಮರ್ಯಾದೆಗೆ ಆಧಾರವಾಗಿರುತ್ತದೆ. ಹಾಗಾಗಿ ಈ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಭಯದಲ್ಲಿ ಕೂತವರಿಗಿಂತ ಕಾಗದ ಸರಿ ಮಾಡಿಕೊಂಡವರೇ ಇಲ್ಲಿ ಉಳಿದುಕೊಳ್ಳುತ್ತಾರೆ. ಅದಕ್ಕೆ ಬೇಕಾದ ಮಾಹಿತಿ ಇಲ್ಲಿದೆ.

ಬದಲಾಗಿರುವುದು ಏನು?

1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು; ಅದು ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಕಾಯ್ದೆಯ ಬಾಗಿಲು ಅಗಲವಾಯಿತು, ಆದರೆ ಒಳಗೆ ಬಿಡುವ ಮುನ್ನ ನೋಡುವ ಕಾಗದ ಹೆಚ್ಚಿತು. 2021ರ ಜೂನ್ 1ರಿಂದ ಪ್ರಮಾಣಪತ್ರವನ್ನು ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಪೋರ್ಟಲ್ ಮೂಲಕವೇ ಕೊಡಬೇಕೆಂದಾಯಿತು. ವೈಕಲ್ಯ ಅಳೆಯುವ ಮಾರ್ಗಸೂಚಿ 2018ರ ಜನವರಿಯಲ್ಲಿ ಬಂದು, 2024ರ ಮಾರ್ಚ್‌ನಲ್ಲಿ ಪರಿಷ್ಕರಣೆಯಾಯಿತು. ಅದೇ ವರ್ಷ ಐಎಎಸ್ ಪ್ರೊಬೇಷನರ್ ಒಬ್ಬರ ಪ್ರಮಾಣಪತ್ರದ ವಿವಾದ ದೇಶದಾದ್ಯಂತ ಸುದ್ದಿಯಾಯಿತು. ಅಲ್ಲಿಂದ ಮುಂದೆ 'ನಕಲಿ' ಎಂಬ ಮಾತು ನಿಜವಾದ ವಿಕಲಚೇತನರ ಬೆನ್ನಿಗೂ ಅಂಟಿಕೊಂಡಿದೆ. ಅಕ್ಟೋಬರ್‌ನಲ್ಲಿ ನಿಯಮಗಳೂ ತಿದ್ದುಪಡಿಯಾದವು: ಪ್ರಮಾಣಪತ್ರ ಕೊಡಲು ಇದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಯಿತು. ಯುಡಿಐಡಿ ಕಾರ್ಡಿಗೆ ಮೂರು ಬಣ್ಣ ಬಂತು: ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಅದಕ್ಕೂ ಹೆಚ್ಚಿದ್ದರೆ ನೀಲಿ.

ನಕಲಿಗಳನ್ನು ಹಿಡಿಯುವುದು ಸರ್ಕಾರದ ಕೆಲಸ, ಹಿಡಿಯಲಿ. ಆದರೆ ಹಿಡಿಯುವ ಖರ್ಚನ್ನೂ ಓಡಾಟವನ್ನೂ ಗಾಲಿಕುರ್ಚಿಯಲ್ಲಿರುವವರ ಮೇಲೆ, ಅವರನ್ನು ಎತ್ತಿಕೊಂಡು ಬಸ್ ಹತ್ತಿಸುವ ತಾಯಂದಿರ ಮೇಲೆ ಹಾಕುವುದು ಅನ್ಯಾಯ. 2011ರ ಜನಗಣತಿಯ ಪ್ರಕಾರವೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರಿದ್ದಾರೆ. ಅವರಲ್ಲಿ ಬಹುಪಾಲು ಜನರಿಗೆ ಜಿಲ್ಲಾಸ್ಪತ್ರೆಗೆ ಒಂದು ಸಲ ಹೋಗಿ ಬರುವುದೆಂದರೆ ಎರಡು ದಿನದ ಕೂಲಿ ಹೋದಂತೆ.

ಮಾಸಾಶನ ನಿಲ್ಲುವುದು ಹೇಗೆ?

ಇದನ್ನು ಮೊದಲು ತಿಳಿದುಕೊಂಡರೆ ಮುಂದಿನ ಹೆಜ್ಜೆಗಳ ಅರ್ಥ ತಾನಾಗಿ ಆಗುತ್ತದೆ. ನಿಮ್ಮ ಮಾಸಾಶನ ಮೂರು ಬೇರೆ ಬೇರೆ ಕಡೆ ಪರೀಕ್ಷೆಗೆ ಒಳಗಾಗುತ್ತದೆ, ಮೂರನ್ನೂ ನೋಡಿಕೊಳ್ಳುವವರು ಬೇರೆ ಬೇರೆ ಇಲಾಖೆಯವರು.

ಮೊದಲನೆಯದು ಶೇಕಡಾವಾರು. ಇದು ಆಸ್ಪತ್ರೆಯ ಕೆಲಸ. ರಾಜ್ಯದಲ್ಲಿ ಶೇ. 40ರಿಂದ 74ರವರೆಗೆ 800 ರೂಪಾಯಿ, 75 ಮತ್ತು ಮೇಲ್ಪಟ್ಟವರಿಗೆ 1,400 ರೂಪಾಯಿ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಶೇ. 80 ಬೇಕು, ಜೊತೆಗೆ ಬಿಪಿಎಲ್ ಕುಟುಂಬವಾಗಿರಬೇಕು. ಅದರಲ್ಲಿ ಕೇಂದ್ರ ಕೊಡುವ ಪಾಲು ತಿಂಗಳಿಗೆ 300 ರೂಪಾಯಿ, 2012ರಿಂದ ಅದು ಒಂದು ರೂಪಾಯಿಯೂ ಏರಿಲ್ಲ. ಹಾಗಾಗಿ 40, 75, 80 ಈ ಮೂರು ಗೆರೆಗಳನ್ನು ನೆನಪಿಡಿ. ಮರುಪರೀಕ್ಷೆಯಲ್ಲಿ 76 ಇದ್ದದ್ದು 74 ಆದರೆ ದೇಹದಲ್ಲಿ ಯಾವ ಬದಲಾವಣೆಯೂ ಕಾಣದಿರಬಹುದು, ಕೈಗೆ ಬರುವ ಹಣದಲ್ಲಿ 600 ರೂಪಾಯಿ ಖೋತಾ.

ಎರಡನೆಯದು ಆದಾಯ. ಇದು ಕಂದಾಯ ಇಲಾಖೆಯದು. ರಾಜ್ಯದ ಮಾಸಾಶನಕ್ಕೆ ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಎಷ್ಟು ಕಡಿಮೆ ಮೊತ್ತ ಎಂದು ನೋಡಿ: ತಿಂಗಳಿಗೆ 2,700 ರೂಪಾಯಿಯೂ ಆಗುವುದಿಲ್ಲ. ಮಿತಿ ಹೀಗಿರುವಾಗ ತಪಾಸಣೆ ಬಿಗಿಯಾದರೆ ಸಾಕು, ನಿಯಮದಲ್ಲಿ ಒಂದು ಅಕ್ಷರ ಬದಲಾಗದೆಯೂ ಜನ ಹೊರಗೆ ಬೀಳುತ್ತಾರೆ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳ ಪರಿಶೀಲನೆಯಾದಾಗ ರಾಜ್ಯದಲ್ಲಿ ಎದ್ದ ಗದ್ದಲ ನಿಮಗೆ ನೆನಪಿರಬಹುದು.

ಮೂರನೆಯದು ಗುರುತು ಮತ್ತು ಪಾವತಿ: ಆಧಾರ್, ಬ್ಯಾಂಕ್ ಖಾತೆ, ಹೆಸರು. ವೈಕಲ್ಯವೂ ಇದೆ, ಬಡತನವೂ ಇದೆ, ಆದರೂ ಖಾತೆಗೆ ಹಣ ಬರುತ್ತಿಲ್ಲ ಎಂದರೆ ಮೊದಲು ನೋಡಬೇಕಾದದ್ದು ಇಲ್ಲಿಯೇ.

ನಿಂತುಹೋದ ಮಾಸಾಶನದ ಬಗ್ಗೆ ಕೇಳುವಾಗ "ಯಾಕೆ ನಿಲ್ಲಿಸಿದಿರಿ?" ಎಂದಷ್ಟೇ ಕೇಳಬೇಡಿ. "ಈ ಮೂರರಲ್ಲಿ ಯಾವುದರಿಂದ ನಿಂತಿದೆ?" ಎಂದು ಕೇಳಿ. ಉತ್ತರ ಸಿಕ್ಕರೆ ಯಾವ ಕಚೇರಿಗೆ ಹೋಗಬೇಕೆಂದು ತಿಳಿಯುತ್ತದೆ, ಅಲೆದಾಟ ಅರ್ಧಕ್ಕೆ ಇಳಿಯುತ್ತದೆ.

ಈಗಲೇ ಮಾಡಬೇಕಾದದ್ದು

1. ಪ್ರಮಾಣಪತ್ರ ತೆಗೆದು ನೋಡಿ. ಅದರಲ್ಲಿ 'ಪರ್ಮನೆಂಟ್' ಎಂದಿದೆಯೋ 'ಟೆಂಪರರಿ' ಎಂದಿದೆಯೋ? ತಾತ್ಕಾಲಿಕವಾದರೆ ಅದರ ಅವಧಿ ಯಾವ ದಿನಾಂಕದವರೆಗೆ? ವೈಕಲ್ಯದ ಪ್ರಮಾಣದಲ್ಲಿ ಏರಿಳಿತ ಆಗುವ ಸಾಧ್ಯತೆ ಇದೆ ಎಂದು ವೈದ್ಯರಿಗೆ ಅನ್ನಿಸಿದಾಗ ತಾತ್ಕಾಲಿಕ ಪ್ರಮಾಣಪತ್ರ ಕೊಡುತ್ತಾರೆ. ಚಿಕ್ಕ ಮಕ್ಕಳಲ್ಲಿ, ಮಾನಸಿಕ ಅಸ್ವಸ್ಥತೆಯಲ್ಲಿ ಇದು ಸಾಮಾನ್ಯ. ಹೊಸದು ಕೊಡಲು ಮೂರು ತಿಂಗಳ ಗಡುವು ಇರುವುದರಿಂದ, ಅವಧಿ ಮುಗಿಯಲು ಕನಿಷ್ಠ ಆರು ತಿಂಗಳಿರುವಾಗಲೇ ನವೀಕರಣಕ್ಕೆ ಅರ್ಜಿ ಹಾಕಿ. ಅವಧಿ ಮುಗಿದ ಮೇಲೆ ಎಚ್ಚೆತ್ತರೆ ನಡುವಿನ ತಿಂಗಳುಗಳ ಹಣಕ್ಕಾಗಿ ಗುದ್ದಾಡಬೇಕಾಗುತ್ತದೆ.

2. ಹಳೆಯ ಪುಸ್ತಕ ಅಥವಾ ಕಾಗದದ ಪ್ರಮಾಣಪತ್ರ ಇದ್ದವರು ಗಾಬರಿಯಾಗಬೇಡಿ. 1995ರ ಕಾಯ್ದೆಯಡಿ ಕೊಟ್ಟ ಪ್ರಮಾಣಪತ್ರಗಳು ಅವುಗಳಲ್ಲಿ ನಮೂದಿಸಿದ ಅವಧಿಯವರೆಗೆ ಮಾನ್ಯ ಎಂದು 2017ರ ನಿಯಮಗಳೇ ಹೇಳುತ್ತವೆ. ಆದರೆ ಕಾನೂನಿನಲ್ಲಿ ಮಾನ್ಯವಾದದ್ದು ಕಂಪ್ಯೂಟರಿನಲ್ಲಿ ಕಾಣದಿದ್ದರೆ ಕೆಲಸ ನಿಲ್ಲುತ್ತದೆ. ಅದನ್ನು ಯುಡಿಐಡಿಗೆ ಸೇರಿಸಿ. ಅರ್ಜಿಯನ್ನು ಮೊಬೈಲ್‌ನಲ್ಲೂ ಹಾಕಬಹುದು. ಕಷ್ಟವಾದರೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಥವಾ ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವರನ್ನು ಕೇಳಿ, ಇದು ಅವರ ಕೆಲಸವೇ. ಅರ್ಜಿ ಹಾಕಿದ ಮೇಲೆ ಬರುವ ನೋಂದಣಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹೊಸ ನಿಯಮದಂತೆ, ಎರಡು ವರ್ಷ ತೀರ್ಮಾನವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗುತ್ತದೆ, ಮತ್ತೆ ಹೊಸದಾಗಿ ಹಾಕಬೇಕಾಗುತ್ತದೆ. "ಹಾಕಿದ್ದೀನಿ, ಬರುತ್ತೆ" ಎಂದು ಸುಮ್ಮನಿರುವಂತಿಲ್ಲ.

3. ಹೆಸರು, ಜನ್ಮದಿನಾಂಕ, ತಂದೆ ಅಥವಾ ಗಂಡನ ಹೆಸರು ಎಲ್ಲೆಡೆ ಒಂದೇ ಇದೆಯೇ ನೋಡಿ: ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ವೈಕಲ್ಯ ಪ್ರಮಾಣಪತ್ರ. ಒಂದರಲ್ಲಿ 'ಹನುಮವ್ವ', ಇನ್ನೊಂದರಲ್ಲಿ 'ಹನಮವ್ವ' ಇದ್ದರೂ ಕಂಪ್ಯೂಟರಿಗೆ ಅವರಿಬ್ಬರು ಬೇರೆ ಬೇರೆ. ತಿದ್ದುಪಡಿಗೆ ಆಧಾರ್‌ನಿಂದ ಶುರು ಮಾಡಿ, ಉಳಿದವನ್ನು ಅದಕ್ಕೆ ಹೊಂದಿಸಿ.

4. ಬ್ಯಾಂಕಿಗೆ ಹೋಗಿ "ಆಧಾರ್ ಲಿಂಕ್ ಆಗಿದೆಯಾ?" ಎಂದು ಕೇಳಿದರೆ "ಆಗಿದೆ" ಎನ್ನುತ್ತಾರೆ. ಅಷ್ಟು ಸಾಲದು. "ಡಿಬಿಟಿಗೆ ಎನ್‌ಪಿಸಿಐ ಮ್ಯಾಪಿಂಗ್ ಈ ಖಾತೆಗೇ ಆಗಿದೆಯಾ?" ಎಂದು ಕೇಳಿ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದವರಿಗೆ ಹಣ ಕೊನೆಗೆ ಮ್ಯಾಪ್ ಆದ ಖಾತೆಗೆ ಹೋಗುತ್ತದೆ. ಮಾಸಾಶನ ನಿಂತಿತೆಂದು ಅತ್ತವರ ಹಣ ಮರೆತುಹೋದ ಇನ್ನೊಂದು ಖಾತೆಯಲ್ಲಿ ಕೂತಿರಬಹುದು.

5. ಬೆರಳಚ್ಚು ಬಾರದವರು, ಬೆರಳೇ ಇಲ್ಲದವರು (ಕುಷ್ಠ ವಾಸಿಯಾದವರಲ್ಲಿ ಇದು ಹೆಚ್ಚು), ಕಣ್ಣು ಮಿಟುಕಿಸಲಾಗದವರು ಇ-ಕೆವೈಸಿಗೆ ಹೋದಾಗ "ಆಗಲ್ಲ" ಎಂಬ ಉತ್ತರ ಒಪ್ಪಿಕೊಳ್ಳಬೇಡಿ. ಆಧಾರ್‌ನಲ್ಲಿ ಬಯೋಮೆಟ್ರಿಕ್ ವಿನಾಯಿತಿಗೆ ಅವಕಾಶವಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೆ ಒಳಗಾದವರು ಮತ್ತು ದೃಷ್ಟಿಹೀನರು ಸಲ್ಲಿಸಿದ ಅರ್ಜಿಗಳಲ್ಲಿ, ಡಿಜಿಟಲ್ ಸೇವೆ ಪಡೆಯುವುದು ಜೀವಿಸುವ ಹಕ್ಕಿನ ಭಾಗ ಎಂದು ಹೇಳಿ ಕೆವೈಸಿ ವಿಧಾನ ಎಲ್ಲರಿಗೂ ಎಟುಕುವಂತೆ ಬದಲಿಸಲು 20 ನಿರ್ದೇಶನ ಕೊಟ್ಟಿದೆ. ಕೌಂಟರಿನಲ್ಲಿ ಈ ತೀರ್ಪಿನ ಮಾತು ಎತ್ತಿ.

6. ಆದಾಯ ಪ್ರಮಾಣಪತ್ರಕ್ಕೂ ಅವಧಿ ಇದೆ, ಐದು ವರ್ಷ. ನಾಡಕಚೇರಿಯಲ್ಲಿ ನವೀಕರಿಸಿಕೊಳ್ಳಿ.

ಮೆಡಿಕಲ್ ಬೋರ್ಡ್ ಮುಂದೆ

ಹೆಚ್ಚು ಹೆದರಿಕೆ ಇರುವುದೂ, ಹೆಚ್ಚು ನಷ್ಟವಾಗುವುದೂ ಇಲ್ಲಿ. ವೈದ್ಯರು ಶೇಕಡಾವಾರನ್ನು ಅಂದಾಜಿನಲ್ಲಿ ಬರೆಯುವುದಿಲ್ಲ, ಅದಕ್ಕೆ ಲೆಕ್ಕವಿದೆ. ಆ ಲೆಕ್ಕ ಗೊತ್ತಿದ್ದರೆ ಅನ್ಯಾಯವಾದಾಗ ಗುರುತಿಸಬಹುದು, ಆಗದಿದ್ದಾಗ ಸುಮ್ಮನೆ ಅಲೆಯುವುದು ತಪ್ಪುತ್ತದೆ.

ಮೊದಲು ಕಣ್ಣಿನ ಲೆಕ್ಕ. ಒಂದು ಕಣ್ಣು ಪೂರ್ತಿ ಹೋಗಿ, ಇನ್ನೊಂದು ಚೆನ್ನಾಗಿದ್ದರೆ (6/18ರವರೆಗೆ) ಸಿಗುವುದು ಶೇ. 30. ಆದ್ದರಿಂದಲೇ ಒಂಟಿ ಕಣ್ಣಿನವರಿಗೆ 40 ಬರುವುದಿಲ್ಲ, ವೈದ್ಯರ ಮನಸ್ಸು ಕೆಟ್ಟದೆಂದಲ್ಲ. ಕಿವಿಯ ವಿಷಯದಲ್ಲಿ ಕಾಯ್ದೆ ಎರಡೂ ಕಿವಿಗಳನ್ನು ನೋಡುತ್ತದೆ: ಎರಡರಲ್ಲೂ 60ರಿಂದ 70 ಡೆಸಿಬೆಲ್ ನಷ್ಟವಿದ್ದರೆ ಶ್ರವಣ ಮಾಂದ್ಯ, 70 ದಾಟಿದರೆ ಕಿವುಡು.

ಎರಡು ವೈಕಲ್ಯ ಇದ್ದವರಿಗೆ ಇನ್ನೊಂದು ಆಘಾತ ಕಾದಿರುತ್ತದೆ. ಕಾಲಿಗೆ 60, ಕಿವಿಗೆ 30, ಒಟ್ಟು 90 ಎಂದುಕೊಂಡು ಹೋಗುತ್ತಾರೆ. ಕಾಗದದಲ್ಲಿ 70 ಬರುತ್ತದೆ. ಸೂತ್ರ ಹೀಗಿದೆ: ದೊಡ್ಡ ಸಂಖ್ಯೆಯನ್ನು 90ರಿಂದ ಕಳೆಯಬೇಕು, ಉಳಿದದ್ದನ್ನು ಸಣ್ಣ ಸಂಖ್ಯೆಯಿಂದ ಗುಣಿಸಿ 90ರಿಂದ ಭಾಗಿಸಬೇಕು, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸಬೇಕು. 90ರಲ್ಲಿ 60 ಹೋದರೆ 30. ಮೂವತ್ತು ಮೂವತ್ತಲೆ 900, ಅದನ್ನು 90ರಿಂದ ಭಾಗಿಸಿದರೆ 10. ಅರವತ್ತಕ್ಕೆ ಹತ್ತು ಸೇರಿ 70. ಮನೆಯಲ್ಲೇ ಲೆಕ್ಕ ಹಾಕಿ ನೋಡಿ. ನಿಮ್ಮ ಎರಡನೆಯ ವೈಕಲ್ಯವನ್ನು ಪ್ರಮಾಣಪತ್ರದಲ್ಲಿ ಸೇರಿಸಿಯೇ ಇಲ್ಲವೆಂದಾದರೆ ಅದನ್ನು ಕೇಳಲೇಬೇಕು. ಸೂತ್ರದಿಂದ ಕಡಿಮೆಯಾಗಿದ್ದರೆ ಅಲೆದು ಉಪಯೋಗವಿಲ್ಲ.

ಮಾನಸಿಕ ಅಸ್ವಸ್ಥತೆಯ ಅಳತೆ ಬೇರೆಯೇ, ಅದಕ್ಕೆ 'ಐಡಿಯಾಸ್' ಎಂಬ ಮಾಪಕ ಇದೆ. ಸ್ವಂತ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಈ ನಾಲ್ಕಕ್ಕೆ ತಲಾ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಕಳೆದ ಎರಡು ವರ್ಷದಲ್ಲಿ ಎಷ್ಟು ತಿಂಗಳು ಕಾಯಿಲೆ ಇತ್ತು ಎಂಬುದಕ್ಕೆ ಬೇರೆ ಅಂಕ. ಒಟ್ಟು 20ರಲ್ಲಿ 7 ಬಂದರೆ ಶೇ. 40ರ ಗೆರೆ ಮುಟ್ಟಿದಂತೆ. ಅಂದರೆ ಇಲ್ಲಿ ಎಕ್ಸ್‌ರೇ ಇಲ್ಲ, ರಕ್ತ ಪರೀಕ್ಷೆ ಇಲ್ಲ. ನೀವು ಏನು ಹೇಳುತ್ತೀರಿ, ದಾಖಲೆ ಏನು ಹೇಳುತ್ತದೆ ಎಂಬುದೇ ಎಲ್ಲ.

ನಮ್ಮ ಜನರಲ್ಲಿ ಒಂದು ಗುಣವಿದೆ. ಡಾಕ್ಟರು "ಹೇಗಿದ್ದೀಯಮ್ಮಾ?" ಎಂದರೆ "ಪರವಾಗಿಲ್ಲ ಸಾರ್, ಹೇಗೋ ನಡೀತದೆ" ಎನ್ನುತ್ತೇವೆ. ಕಷ್ಟ ಹೇಳಿಕೊಳ್ಳಲು ನಾಚಿಕೆ. "ಊಟ ತಾನೇ ಮಾಡ್ತಾನಾ?" ಎಂದರೆ ತಾಯಿ "ಹೂಂ, ಮಾಡ್ತಾನೆ" ಎನ್ನುತ್ತಾಳೆ. ಕಲಸಿ ತಟ್ಟೆ ಮುಂದಿಟ್ಟು, ನಾಲ್ಕು ಸಲ ಗದರಿ ಕೂರಿಸುವುದು ತಾನೇ ಎಂಬುದನ್ನು ಹೇಳುವುದಿಲ್ಲ, ಏಕೆಂದರೆ ಅವಳಿಗೆ ಅದು ಕೆಲಸವೆಂದೇ ಅನ್ನಿಸುವುದಿಲ್ಲ. ಬೋರ್ಡ್‌ನವರು 'ತಾನೇ ಊಟ ಮಾಡುತ್ತಾನೆ' ಎಂದು ಬರೆದುಕೊಳ್ಳುತ್ತಾರೆ. ಹಾಗಾಗಿ ಹೋಗುವ ಮುನ್ನ ಒಂದು ಹಾಳೆ ತೆಗೆದುಕೊಂಡು ಬರೆಯಿರಿ:

– ಸ್ನಾನ, ಶೌಚ, ಬಟ್ಟೆ, ಊಟ: ಯಾವುದಕ್ಕೆ ಇನ್ನೊಬ್ಬರು ಬೇಕು? ಕೈಹಿಡಿಯಲು ಬೇಕೋ, ನೆನಪಿಸಲು ಬೇಕೋ, ಪಕ್ಕದಲ್ಲಿ ನಿಲ್ಲಲು ಬೇಕೋ?
– ಎಷ್ಟು ದೂರ ನಡೆದರೆ ನಿಲ್ಲಬೇಕಾಗುತ್ತದೆ? ಎಷ್ಟು ಹೊತ್ತು ಕೂರಬಹುದು? ಯಾವಾಗ ಬಿದ್ದಿರಿ?
– ತಿಂಗಳಲ್ಲಿ ಎಷ್ಟು ದಿನ ಹಾಸಿಗೆಯಿಂದ ಏಳಲಾಗುವುದಿಲ್ಲ?
– ಕೆಲಸ ಯಾವಾಗ ಬಿಟ್ಟಿರಿ, ಯಾಕೆ ಬಿಟ್ಟಿರಿ?

ಚೆನ್ನಾಗಿರುವ ದಿನದ ಬಗ್ಗೆಯಷ್ಟೇ ಹೇಳಬೇಡಿ, ಕೆಟ್ಟ ದಿನದ ಬಗ್ಗೆಯೂ ಹೇಳಿ. ಆದರೆ ಇಲ್ಲದ್ದನ್ನು ಒಂದು ಕೂದಲಷ್ಟೂ ಸೇರಿಸಬೇಡಿ. ಮೋಸದಿಂದ ಸೌಲಭ್ಯ ಪಡೆದರೆ ಅಥವಾ ಪಡೆಯಲು ಯತ್ನಿಸಿದರೆ ಕಾಯ್ದೆಯ 91ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಒಂದು ಸಣ್ಣ ಉತ್ಪ್ರೇಕ್ಷೆ ಸಿಕ್ಕಿಬಿದ್ದರೆ ನಿಮ್ಮ ನಿಜವಾದ ಮಾತುಗಳನ್ನೂ ಯಾರೂ ನಂಬುವುದಿಲ್ಲ.

ದಾಖಲೆಗಳನ್ನು ಹಳೆಯದರಿಂದ ಹೊಸದಕ್ಕೆ ಜೋಡಿಸಿ: ಡಿಸ್ಚಾರ್ಜ್ ಸಮ್ಮರಿ, ಓಪಿಡಿ ಪುಸ್ತಕ, ಮಾತ್ರೆ ಚೀಟಿ, ಸ್ಕ್ಯಾನ್, ಕಿವಿಯ ಆಡಿಯೋಗ್ರಾಂ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ತೋರಿಸಿದವರು ಆ ಫೈಲಿನ ಪ್ರತಿ ತಪ್ಪದೆ ಒಯ್ಯಿರಿ. ಮೂಲ ಪ್ರತಿಗಳನ್ನು ತೋರಿಸಿ, ಕೊಡುವುದು ಜೆರಾಕ್ಸ್ ಮಾತ್ರ. ಜೊತೆಗೆ ಕರೆದೊಯ್ಯಬೇಕಾದವರು ದಿನವೂ ನೋಡಿಕೊಳ್ಳುವವರೇ ಹೊರತು ಇಂಗ್ಲಿಷ್ ಬರುತ್ತದೆಂದು ಸಿಕ್ಕ ನೆಂಟರಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಏಜೆಂಟರ ಕೈಗೆ ದುಡ್ಡು ಕೊಡುವುದು ಮೊದಲ ತಪ್ಪು. "ಪರ್ಸೆಂಟೇಜ್ ಹೆಚ್ಚು ಮಾಡಿಸ್ತೀನಿ" ಎನ್ನುವವನು ನಿಮ್ಮ ಹೆಸರಿನಲ್ಲಿ ನಕಲಿ ಕಾಗದ ಮಾಡಿಸಿದರೆ ತಪ್ಪಿತಸ್ಥರು ನೀವಾಗುತ್ತೀರಿ. ಒಟಿಪಿಯನ್ನೂ ಯಾರಿಗೂ ಹೇಳಬೇಡಿ. "ಮಾಸಾಶನ ನಿಲ್ಲುತ್ತೆ, ಕೆವೈಸಿ ಮಾಡಿಸಿ" ಎಂದು ಫೋನ್ ಮಾಡುವವರಿದ್ದಾರೆ.

ಕರೆ ಬಂದಾಗ ಹೋಗದಿರುವುದು ಎರಡನೆಯದು. ಪರ್ಸೆಂಟೇಜ್ ಕಡಿಮೆಯಾದೀತು ಎಂದು ಹೆದರಿ ಮರುಪರೀಕ್ಷೆ ತಪ್ಪಿಸಿಕೊಂಡರೆ 'ಹಾಜರಾಗಿಲ್ಲ' ಎಂಬ ಒಂದೇ ಕಾರಣಕ್ಕೆ ಮಾಸಾಶನ ನಿಲ್ಲಿಸುವುದು ಸುಲಭವಾಗುತ್ತದೆ. ಹಾಸಿಗೆ ಹಿಡಿದವರನ್ನು ಕರೆದೊಯ್ಯಲಾಗದಿದ್ದರೆ ಅದನ್ನೇ ಬರೆದು, ವೈದ್ಯರ ಚೀಟಿ ಸೇರಿಸಿ, ನಿಗದಿಯಾದ ದಿನಕ್ಕೆ ಮುಂಚೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳಿಗೆ ಮತ್ತು ಆಸ್ಪತ್ರೆಗೆ ಕೊಡಿ.

ಬಾಯಿಮಾತಿನ ಉತ್ತರ ಕೇಳಿಕೊಂಡು ವಾಪಸ್ ಬರುವುದು ಮೂರನೆಯದು. ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಾಡಕಚೇರಿಯಲ್ಲಿ ಸಕಾಲದಡಿ ಅರ್ಜಿ ಹಾಕಿದರೆ ಜಿಎಸ್‌ಸಿ ಸಂಖ್ಯೆ ಸಿಗುತ್ತದೆ, ಗಡುವಿನ ದಿನಾಂಕವೂ ಅದರಲ್ಲೇ ಇರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಲು ಅವಕಾಶವಿದೆ.

ಶೇ. 40 ಸಿಗದಿದ್ದರೆ ಎಲ್ಲವೂ ಮುಗಿಯಿತು ಎಂದುಕೊಳ್ಳುವುದು ಇನ್ನೊಂದು. ಮಾಸಾಶನಕ್ಕೆ, ಮೀಸಲಾತಿಗೆ ಆ ಗೆರೆ ಬೇಕು, ನಿಜ. ಆದರೆ ಶಾಲೆಯಲ್ಲಿ, ಪರೀಕ್ಷೆಯಲ್ಲಿ, ಕೆಲಸದ ಜಾಗದಲ್ಲಿ ಬೇಕಾಗುವ ಅನುಕೂಲ ಕೇಳಲು ಬೇಡ. ಬರೆಯುವಾಗ ಕೈ ಸೆಟೆದುಕೊಳ್ಳುವ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಲಿಪಿಕಾರರ ಸಹಾಯ ಕೊಡಬೇಕೆಂದು ಸುಪ್ರೀಂ ಕೋರ್ಟ್ 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿತು. 40ರ ಗೆರೆಯನ್ನು ಅಲ್ಲಿಗೆ ಎಳೆದು ತರಬಾರದೆಂದೂ ಹೇಳಿತು. ಬಿಳಿ ಕಾರ್ಡ್ ಬಂದರೂ ಎಸೆಯಬೇಡಿ.

ನಿಂತೇ ಹೋದರೆ

ಮೊದಲು ಕಾರಣವನ್ನು ಲಿಖಿತವಾಗಿ ಪಡೆಯಿರಿ. ತಹಶೀಲ್ದಾರರಿಗೆ ಅರ್ಜಿ ಕೊಟ್ಟೂ ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಆದರೆ ಅದೂ ಇಲ್ಲ; 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳೊಳಗೆ ಇರಬೇಕು. ಹೀಗೆ ಬರೆದರೆ ಸಾಕು: "ನನ್ನ ಮಾಸಾಶನ ನಿಲ್ಲಿಸಿದ ಆದೇಶದ ಪ್ರತಿ, ಅದಕ್ಕೆ ಆಧಾರವಾದ ವರದಿಯ ಪ್ರತಿ, ನನಗೆ ನೋಟಿಸ್ ನೀಡಿದ್ದರೆ ಅದರ ಪ್ರತಿ ಒದಗಿಸಿ." ಮೂರನೆಯದು ಮುಖ್ಯ. ನೋಟಿಸ್ ಕೊಡದೆ, ನಿಮ್ಮ ಮಾತು ಕೇಳದೆ ನಿಲ್ಲಿಸಿದ್ದರೆ ಅದು ಸಹಜ ನ್ಯಾಯಕ್ಕೆ ವಿರುದ್ಧ. ಮೇಲ್ಮನವಿಯಲ್ಲಿ ಮೊದಲ ವಾದವೇ ಅದಾಗಬೇಕು.

ತಹಶೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗಳಿಗೆ ಮೇಲ್ಮನವಿ. ತಕರಾರು ಶೇಕಡಾವಾರಿನ ಬಗ್ಗೆಯಾದರೆ ದಾರಿ ಬೇರೆ: ಕಾಯ್ದೆಯ 59ನೇ ಸೆಕ್ಷನ್ ಅಡಿ ಪ್ರಮಾಣಪತ್ರದ ವಿರುದ್ಧವೇ ಮೇಲ್ಮನವಿ ಸಲ್ಲಿಸಬಹುದು. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ಕೊಡುವುದು ಆಸ್ಪತ್ರೆಯ ಕರ್ತವ್ಯ, ಕೇಳಿ ಪಡೆಯಿರಿ. ಎರಡೂ ಕಡೆ ತಡಮಾಡಬೇಡಿ, ಎರಡೂ ಕಡೆ ಪ್ರತಿ ಇಟ್ಟುಕೊಳ್ಳಿ. ಜೊತೆಗೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಅಂಚೆಯಲ್ಲೇ ದೂರು ಕಳಿಸಬಹುದು. ಅಧಿಕಾರಿಗಳನ್ನು ಕರೆಸಿ ವಿಚಾರಿಸುವ, ದಾಖಲೆ ತರಿಸುವ ವಿಷಯದಲ್ಲಿ ಅವರಿಗೆ ಸಿವಿಲ್ ಕೋರ್ಟಿನ ಅಧಿಕಾರವಿದೆ. ಫೋನಿನಲ್ಲಿ ದೂರು ದಾಖಲಿಸಲು 1902 ಜನಸ್ಪಂದನ ಸಂಖ್ಯೆ ಇದೆ.

ನಿಯಮ ಬಿಗಿಯಾಗುವ ವಿಷಯ ಒಬ್ಬೊಬ್ಬರೇ ಎದುರಿಸುವಂಥದ್ದಲ್ಲ. ಒಂದೇ ಹೋಬಳಿಯಲ್ಲಿ ಹತ್ತು ಜನರ ಮಾಸಾಶನ ಒಂದೇ ಕಾರಣಕ್ಕೆ ನಿಂತಿದ್ದರೆ ಹತ್ತೂ ಜನ ಒಂದೇ ಅರ್ಜಿಗೆ ಸಹಿ ಹಾಕಿ, ಗ್ರಾಮಸಭೆಯಲ್ಲಿ ವಿಷಯ ಎತ್ತಿ, ಪಿಂಚಣಿ ಅದಾಲತ್‌ಗೆ ಒಟ್ಟಿಗೆ ಹೋಗಿ. ಕಾಯ್ದೆಯ 24ನೇ ಸೆಕ್ಷನ್ ನಿಮ್ಮ ಪರವಾಗಿದೆ: ಸಾಮಾಜಿಕ ಭದ್ರತಾ ಯೋಜನೆಗಳಲ್ಲಿ ವಿಕಲಚೇತನರಿಗೆ ಕೊಡುವ ಮೊತ್ತ ಇತರರಿಗೆ ಇರುವ ಅಂಥದ್ದೇ ಯೋಜನೆಗಿಂತ ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎಂದು ಅದು ಹೇಳುತ್ತದೆ. ಮಾಸಾಶನವನ್ನು ಯಾರೋ ದಯೆಯಿಂದ ಕೊಡುತ್ತಿದ್ದಾರೆ ಎಂಬಂತೆ ಮಾತಾಡುವ ಅಧಿಕಾರಿ ಎದುರಾದರೆ ಈ ಸೆಕ್ಷನ್ ಹೆಸರು ಹೇಳಿ.

ಮೇಲ್ಮನವಿ ಬರೆಯಲು ವಕೀಲರು ಬೇಕೆನಿಸಿದರೆ ಸಾಲ ಮಾಡಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ವಿಕಲಚೇತನರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗಬೇಕು. ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಪ್ರಮಾಣಪತ್ರ, ಪಾಸ್‌ಬುಕ್, ನಿಮಗೆ ಬಂದ ನೋಟಿಸ್ ಹಿಡಿದು ಅಲ್ಲಿಗೆ ಹೋಗಿ.